ಸೊನ್ನೆ ಗಾಳಿಯ ರಾತ್ರಿಗಳು

ತೆಕ್ಕಟ್ಟೆ ದಾಟುವಷ್ಟರಲ್ಲಿ ಅನೂಪ ಮೂರು ಸಲ ತನ್ನ ತೋಳು ಮೂಸಿ ನೋಡಿಕೊಂಡಿದ್ದ. ಇಸ್ತ್ರಿಯ ವಾಸನೆ, ಸೋಪಿನ ವಾಸನೆ, ಅಷ್ಟೇ. ಮೀನಿನದು ಇರಲಿಲ್ಲ. ಇರುವುದಕ್ಕೆ ಕಾರಣವೂ ಇರಲಿಲ್ಲ, ಬ್ರಹ್ಮಾವರದ ಬಾಡಿಗೆ ಮನೆಗೆ ಮೀನು ತಂದು ಹದಿನೈದು ದಿನವಾಗಿತ್ತು. ಆದರೂ ಊರ ಕಡೆ ಹೊರಟ ದಿನ ಕೈ ತಾನಾಗಿ ಮೂಗಿನ ಹತ್ತಿರ ಹೋಗುತ್ತದೆ. ಕಾರು ಓಡಿಸುತ್ತಿದ್ದ ಪ್ರೇಮಾನಂದರು, ಅವನು ಕೆಲಸ ಮಾಡುವ, ಪರಿಸರ ವರದಿ ಬರೆದುಕೊಡುವ ಸಂಸ್ಥೆಯ ಯಜಮಾನರು, ಅದನ್ನು ಕಂಡು "ಶೀತವಾ?" ಎಂದು ಕೇಳಿದರು. "ಇಲ್ಲ ಸರ್" ಎಂದ. ಬೆಳಗಿನಿಂದ ಅವನು ಹೇಳಿದ ಎರಡನೆಯ 'ಇಲ್ಲ ಸರ್' ಅದು. ಮೊದಲನೆಯದು ಮನೆ ಬಿಡುವಾಗ, "ನಿಮ್ಮ ಅಧ್ಯಾಯದಲ್ಲಿ ಯಾರಾದ್ರೂ ಕೈ ಇಟ್ಟು ಕೇಳುವಂಥ ಜಾಗ ಏನಾದ್ರೂ ಉಂಟಾ?" ಎಂದು ಅವರು ವಿಚಾರಿಸಿದ್ದಕ್ಕೆ.

ಮಡಿಲಲ್ಲಿ ಇನ್ನೂರ ನಲವತ್ತು ಪುಟದ ವರದಿ ಇತ್ತು. ಕಿರಿಮಂಜೇಶ್ವರದಿಂದ ಸ್ವಲ್ಪ ಆಚೆ, ಹೆದ್ದಾರಿಗೂ ಕಡಲಿಗೂ ನಡುವೆ ಇರುವ ಫಿಶ್‌ಮಿಲ್ಲು, ಮೀನು ಬೇಯಿಸಿ ಒಣಗಿಸಿ ಹುಡಿ ಮಾಡುವ ಕಾರ್ಖಾನೆ, ಈಗಿರುವುದರ ಎರಡರಷ್ಟು ದೊಡ್ಡದಾಗಬೇಕೆಂದು ಅರ್ಜಿ ಹಾಕಿತ್ತು. ಹೊಸ ಬಾಯ್ಲರು, ಹೊಸ ಚಿಮಣಿ. ಆ ಚಿಮಣಿಯ ಹೊಗೆ ಎಲ್ಲಿಗೆ ಹೋಗುತ್ತದೆ, ಯಾರ ಮನೆಮಾಡಿನ ಮೇಲೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ಅನೂಪನ ಕೆಲಸ. ಚಿಮಣಿಯ ಎತ್ತರ, ಹೊಗೆಯ ಬಿಸಿ, ಗಂಟೆ ಗಂಟೆಯ ಗಾಳಿ, ಇಷ್ಟನ್ನು ಕೊಟ್ಟರೆ ಕಂಪ್ಯೂಟರು ನಕ್ಷೆಯ ಮೇಲೆ ಬಣ್ಣ ಬಳಿದು ಕೊಡುತ್ತದೆ. ನೂರ ಹನ್ನೆರಡನೆಯ ಪುಟದಲ್ಲಿ ಆ ನಕ್ಷೆ. ಕಾರ್ಖಾನೆಯಿಂದ ಮೂಡಣಕ್ಕೆ ಒಂದು ಕೆಂಪು ನಾಲಗೆ ಚಾಚಿ, ಗೇರುಗುಡ್ಡೆಯ ಮೇಲೆ ಬಿದ್ದು ಮುಗಿಯುತ್ತದೆ. ಗುಡ್ಡೆಯಲ್ಲಿ ಯಾರೂ ಇಲ್ಲ. ಪಡುವಣದಲ್ಲಿ, ಕಡಲ ಬದಿಯ ನಲವತ್ತೆರಡು ಮನೆಗಳ ಮೇಲೆ, ತಿಳಿ ಹಸಿರು. ಆ ನಲವತ್ತೆರಡರಲ್ಲಿ ಒಂದು ವನಜ ಚಿಕ್ಕಿಯದು, ಅವನ ಅಮ್ಮನ ತಂಗಿಯದು. ಅಪ್ಪ ಅಮ್ಮ ಮುಂಬೈಯ ಕ್ಯಾಂಟೀನಿನಲ್ಲಿದ್ದಾಗ ಹತ್ತು ವರ್ಷ ಅವನು ಉಂಡು ಮಲಗಿದ್ದು ಆ ಮನೆಯಲ್ಲಿ. ಶಾಲೆಯ ಅಂಗಿಯನ್ನು ಚಿಕ್ಕಿ ಬೇರೆಯೇ ಒಗೆದು, ನೀಲಿ ಹಾಕಿ, ಪ್ಲಾಸ್ಟಿಕ್ ಹೊದೆಸಿ ಗೂಟಕ್ಕೆ ತೂಗುಹಾಕುತ್ತಿದ್ದಳು, ಒಣಮೀನಿನ ವಾಸನೆ ಹಿಡಿಯಬಾರದೆಂದು. ಹಿಡಿಯುತ್ತಿತ್ತು. ಬಸ್ಸಿನಲ್ಲಿ ಹುಡುಗರು ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದರು, ಅವನೂ ಅವರ ಜೊತೆ ಮೂಗು ಮುಚ್ಚಿಕೊಂಡು 'ಯಾರಪ್ಪಾ ಇದು' ಎಂಬಂತೆ ಸುತ್ತ ನೋಡುತ್ತಿದ್ದ. ಎಂಥ ಕಳ್ಳ! ಆಗ ಅವನಿಗೆ ಹನ್ನೊಂದು ವರ್ಷ.

ಒಂದು ಅಂಕಿಯನ್ನೂ ನಾನು ಮುಟ್ಟಿಲ್ಲ. ಎರಡು ತಿಂಗಳಿಂದ ಈ ವಾಕ್ಯವನ್ನು ಅವನು ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಊಟದ ನಡುವೆ ಹೇಳಿಕೊಳ್ಳುತ್ತಿದ್ದ. ಅದು ನಿಜವೂ ಹೌದು. ಗಾಳಿ ಅಳೆಯುವ ಯಂತ್ರವನ್ನು ಹತ್ತು ಮೀಟರ್ ಎತ್ತರದ ಕಂಬದಲ್ಲಿ ಇಡಬೇಕೆಂದು ನಿಯಮ. ಮರಳಿನಲ್ಲಿ ಕಂಬ ನಿಲ್ಲಲಿಲ್ಲ. ಚಿಕ್ಕಿಯ ಮನೆಯ ತಾರಸಿಯ ಮೇಲೆ ಆಳೆತ್ತರದ ಒಂದು ಕೊಳವೆ ನಿಲ್ಲಿಸಿ, ಅದರ ತುದಿಗೆ ಯಂತ್ರ ಕೂರಿಸಿ, "ಜಾಗ್ರತೆ ಚಿಕ್ಕಿ, ಇದನ್ನ ಕಂಡ್ಕಣ್ಕ್" ಎಂದು ನೋಡಿಕೊಳ್ಳುವ ಕೆಲಸವನ್ನು ಅವಳಿಗೆ ವಹಿಸಿ ಬಂದಿದ್ದ. ಅದು ಡಿಸೆಂಬರ್. ಫೆಬ್ರವರಿಯ ಕೊನೆಗೆ ಯಂತ್ರದ ಹೊಟ್ಟೆಯಲ್ಲಿದ್ದ ಅಂಕಿಗಳನ್ನು ಬಿಚ್ಚಿ ನೋಡಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತ. ಹಗಲೆಲ್ಲ ಗಾಳಿ ಚೆನ್ನಾಗಿಯೇ ಇತ್ತು, ಕಡಲಿನಿಂದ ಮೇಲಕ್ಕೆ. ಸಂಜೆ ಆರಕ್ಕೆ ಸೊನ್ನೆ. ಏಳಕ್ಕೆ ಸೊನ್ನೆ. ಬೆಳಿಗ್ಗೆ ಎಂಟರವರೆಗೆ ಸೊನ್ನೆ, ಸೊನ್ನೆ, ಸೊನ್ನೆ. ಒಂದು ರಾತ್ರಿಯಲ್ಲ, ತೊಂಬತ್ತು ರಾತ್ರಿ. ಕಡಲ ಬದಿಯಲ್ಲಿ ಹುಟ್ಟಿದವನಿಗೆ ಚಳಿಗಾಲದ ರಾತ್ರಿ ಮೂಡುಗಾಳಿ ಬೀಸುತ್ತದೆಂದು ಯಂತ್ರ ಹೇಳಬೇಕೇ? ಅಂಗಳದಲ್ಲಿ ಮಲಗಿದರೆ ಕಾಲಿನ ಕಡೆಯಿಂದ ಚಳಿ ಏರಿ ಬರುವ ಗಾಳಿ ಅದು. ಫೋನು ಮಾಡಿದ.

"ಎಂತಾತ್ತ್ ಅದ್ಕೆ, ನಾ ಇದ್ಕಂಡ್?" ಎಂದಳು ಚಿಕ್ಕಿ. ಧ್ವನಿಯಲ್ಲಿ ಹೆಮ್ಮೆ. "ಹೊತ್ತ್ ಕಂತುಕೂ ಮುಂಚೆ ಮೆಟ್ಲ್ ಹತ್ತಿ, ಅಕ್ಕಿ ಚೀಲ ಕವ್ಚಿ ಹಾಕಿ ಬಲೆ ದಾರದಗೆ ಕಟ್ತೆ. ಬೆಳಿಗ್ಗೆ ಬಿಸ್ಲ್ ಕಂಡ್ ಮೇಲ್ ಬಿಚ್ತೆ. ಒಂದ್ ಹನಿ ಮಂಜ್ ಬೀಳುಕ್ ಬಿಡ್ಲಿಲ್ಲೆ ಕಾಣ್. ಒಣಮೀನಿಗಾರೂ ಒಂದಿನ ಮುಚ್ಚುಕ್ ಮರ್ತಿದೆ, ನಿನ್ ಮಿಷನಿಗ್ ಮರಿಲಿಲ್ಲೆ." ಹೊತ್ತು ಮುಳುಗಿದ ಮೇಲೆ ಯಾವುದನ್ನೂ ಬಯಲಿಗೆ ಬಿಡಬಾರದು, ಮಂಜು ಬಿದ್ದದ್ದು ಹುಳ ಹಿಡಿಯುತ್ತದೆ ಎಂಬುದು ಮೀನು ಒಣಗಿಸುವ ಹೆಂಗಸರ ಕಟ್ಟುನಿಟ್ಟು. ನಲವತ್ತು ವರ್ಷದಿಂದ ಅವಳ ಸಂಜೆ ನಡೆದದ್ದು ಹಾಗೆ. ಅವನಿಗೆ ಬಂದ ಮೊದಲ ಯೋಚನೆ, ಅಯ್ಯೋ ಹಾಳಾಯಿತು ಎಂಬುದು. ಎರಡನೆಯದು, ಮತ್ತೆ ಅಳೆಯಬೇಕಾದರೆ ಇನ್ನೊಂದು ಚಳಿಗಾಲ ಕಾಯಬೇಕು ಎಂಬುದು. ಮೂರನೆಯದು ಯೋಚನೆಯಾಗಿ ಬರಲೇ ಇಲ್ಲ, ನಗೆಯಾಗಿ ಬಂತು. "ಒಳ್ಳೇದಾಯ್ತ್ ಚಿಕ್ಕಿ" ಎಂದು ನಕ್ಕು ಫೋನು ಇಟ್ಟ.

ಕಂಪ್ಯೂಟರಿಗೆ ಗಾಳಿಯಿಲ್ಲದ ಗಂಟೆಯ ಲೆಕ್ಕ ಹಾಕಲು ಬರುವುದಿಲ್ಲ. ಸೊನ್ನೆ ಕಂಡರೆ ಆ ಗಂಟೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಹಾಗಾಗಿ ಅವನ ನಕ್ಷೆಯಲ್ಲಿ ರಾತ್ರಿಯೇ ಇರಲಿಲ್ಲ. ತೊಂಬತ್ತು ದಿನವೂ ಬರೀ ಹಗಲು. ಹೊಗೆಯೆಲ್ಲ ಗೇರುಗುಡ್ಡೆಗೆ. ಒಂದು ಭಾನುವಾರ ಕಚೇರಿಯಲ್ಲಿ ಯಾರೂ ಇಲ್ಲದಾಗ ಆ ಸೊನ್ನೆಗಳ ಜಾಗದಲ್ಲಿ ಕರಾವಳಿಯ ಬೇರೊಂದು ಕೇಂದ್ರದ ರಾತ್ರಿಗಾಳಿಯನ್ನು ತುಂಬಿ, ಸುಮ್ಮನೆ, ಕುತೂಹಲಕ್ಕೆ ಎಂದು ತನಗೇ ಹೇಳಿಕೊಳ್ಳುತ್ತ, ಲೆಕ್ಕವನ್ನು ಓಡಿಸಿದ. ಹನ್ನೆರಡು ನಿಮಿಷ ಹಿಡಿಯಿತು. ಇನ್ನೊಂದು ನಾಲಗೆ ಹುಟ್ಟಿತು, ಪಡುವಣಕ್ಕೆ. ಮೊದಲಿನದಕ್ಕಿಂತ ಗಿಡ್ಡ, ಮೊದಲಿನದಕ್ಕಿಂತ ಕಡುಗೆಂಪು. ರಾತ್ರಿಯ ತಣ್ಣಗಿನ ಗಾಳಿಯಲ್ಲಿ ಹೊಗೆ ಮೇಲೇಳುವುದಿಲ್ಲ, ನೆಲ ಹಿಡಿದುಕೊಂಡೇ ಹೋಗುತ್ತದೆ. ನಲವತ್ತೆರಡು ಮನೆಗಳೂ ಅದರೊಳಗಿದ್ದವು. ಚಿಕ್ಕಿಯ ಮನೆ ಯಾವುದೆಂದು ಹುಡುಕಿ, ಬೆರಳಿಟ್ಟು ನೋಡಿದ. ಬೆಳಿಗ್ಗೆ ಎದ್ದೊಡನೆ ಅವಳು ಕೆಮ್ಮುವ ಆ ಉದ್ದನೆಯ ಕೆಮ್ಮು, ಬಾವಿಕಟ್ಟೆ ಹಿಡಿದುಕೊಂಡು ಬಗ್ಗಿ ಕೆಮ್ಮುವುದು, ಅದು ಎರಡು ವರ್ಷದಿಂದ ಶುರುವಾದದ್ದು. ಮಿಲ್ಲು ಬಂದು ಮೂರು ವರ್ಷ. ಆ ಕಡತವನ್ನು ಅಳಿಸಿದ. ಮಾರನೆಯ ವಾರ ವರದಿ ಅಚ್ಚಿಗೆ ಹೋಯಿತು. ಮೂರನೆಯ ಪುಟದಲ್ಲಿ ಮೊದಲ ಬಾರಿಗೆ ಅವನ ಹೆಸರಿತ್ತು, ವಾಯು ವಿಭಾಗದ ತಜ್ಞ ಎಂದು. ಸೊನ್ನೆಗಳನ್ನು ಯಂತ್ರವೇ ಬರೆದದ್ದು. ಒಂದು ಅಂಕಿಯನ್ನೂ ಅವನು ಮುಟ್ಟಿರಲಿಲ್ಲ.

ಕಲ್ಯಾಣಮಂಟಪದ ಮುಂದೆ ಶಾಮಿಯಾನ ಹಾಕಿದ್ದರು. ಸಾರ್ವಜನಿಕ ಅಹವಾಲು ಸಭೆಗೆ ಬಂದವರಿಗೆ ಕಂಪನಿಯವರ ಕಡೆಯಿಂದ ಇಡ್ಲಿ, ಶೀರಾ, ಕಾಫಿ. ವಿಡಿಯೋದವನು ಕ್ಯಾಮರಾ ನಿಲ್ಲಿಸುತ್ತಿದ್ದ. ಹಗಲು ಹನ್ನೊಂದರ ಗಾಳಿ ಕಡಲ ಕಡೆಯಿಂದ ಬೀಸುತ್ತಿತ್ತು, ಮಿಲ್ಲಿನ ವಾಸನೆ ಎಳ್ಳಷ್ಟೂ ಇರಲಿಲ್ಲ. ಸಭೆಯನ್ನು ಹಗಲಲ್ಲಿ ಇಡುತ್ತಾರಲ್ಲ ಎಂದು ಯೋಚಿಸಿ ಅನೂಪನಿಗೆ ನಗು ಬಂತು, ಬಂದ ಕೂಡಲೇ ತನ್ನ ಮೇಲೇ ಅಸಹ್ಯವಾಯಿತು. ಆಗಲೇ ಚಿಕ್ಕಿ ಕಂಡಳು. ಮಗಳ ಮದುವೆಯ ಹಸಿರು ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ಐದಾರು ಹೆಂಗಸರ ಮುಂದೆ ನಡೆದು ಬರುತ್ತಿದ್ದಳು.

"ಹ್ವಾಯ್, ಕಾಣಿ ಕಾಣಿ, ಈ ಪುಸ್ತಕ ಬರದ್ದ್ ನಮ್ ಗಂಡೇ" ಎಂದಳು ಅವರಿಗೆ. ಮನೆಯ ಹುಡುಗನನ್ನು ಅವಳು ಹೇಳುವುದೇ 'ಗಂಡು' ಎಂದು. ಅವನ ಕೈಯಲ್ಲಿದ್ದ ವರದಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪಕ್ಕದಲ್ಲಿ ಪ್ರೇಮಾನಂದರು ಮುಗುಳ್ನಗುತ್ತಿದ್ದರು. "ಸಪೂರ ಆಯಿದೆ ಮಗಾ. ಉಂಡ್ಕಂಡ್ ಬತ್ತಿಲ್ಯಾ ಎಂತ? ತಕೋ, ಚಟ್ಲಿ. ನಿನ್ನೆ ಒಣ್ಗದ್ದ್." ಒಣ ಸಿಗಡಿಯ ಒಂದು ಗಂಟನ್ನು ಅವನ ಕೈಗೆ ತುರುಕಿದಳು. "ಮೂರ್ ಪ್ಲಾಸ್ಟಿಕ್ ಹಾಕಿ ಕಟ್ಟಿದೆ. ನಿನ್ ಅಂಗಿಗ್ ವಾಸ್ನಿ ಹಿಡುಕಾಗ." ಯಜಮಾನರ ಎದುರು ಆ ಗಂಟು ಹಿಡಿದು ನಿಲ್ಲುವುದು ಅವನಿಂದ ಆಗಲಿಲ್ಲ. ಒಳಗೆ ಹೋದವನೇ ಕುರ್ಚಿಯ ಕೆಳಗೆ ಕಾಲಿನಿಂದ ತಳ್ಳಿದ. ತಳ್ಳುವಾಗ ತಲೆಯೆತ್ತಿದರೆ ಎರಡನೆಯ ಸಾಲಿನಲ್ಲಿ ಅಮಿತಾ, ಚಿಕ್ಕಿಯ ಮಗಳು, ಅಂಗನವಾಡಿ ಟೀಚರು, ಅವನ ಕಾಲನ್ನೇ ನೋಡುತ್ತಿದ್ದಳು.

ಅಧಿಕಾರಿಗಳು ಬಂದರು, ದೀಪ ಹಚ್ಚಿದರು. ಪ್ರೇಮಾನಂದರು ಪರದೆಯ ಮೇಲೆ ನಕ್ಷೆ ತೋರಿಸಿ, ಕಡಲ ಬದಿಯ ಮನೆಗಳಿಗೆ ಏನೂ ತೊಂದರೆಯಿಲ್ಲ ಎಂದು ಒಳ್ಳೆಯ ಕನ್ನಡದಲ್ಲಿ ಹೇಳಿದರು. ಯಾರೋ ಕೆಲಸ ಸಿಗುತ್ತದೆಯೇ ಎಂದು ಕೇಳಿದರು, ಯಾರೋ ಲಾರಿಗಳ ಬಗ್ಗೆ ಕೂಗಾಡಿದರು. ಅನೂಪ ಗಡಿಯಾರ ನೋಡುತ್ತಿದ್ದ. ಮುಗಿಯುತ್ತದೆ, ಇನ್ನೇನು ಮುಗಿಯುತ್ತದೆ. ಆಗ ಅಮಿತಾ ಎದ್ದು ಮೈಕು ತೆಗೆದುಕೊಂಡಳು. ಅವಳ ಕೈಯಲ್ಲಿ ವರದಿಯ ಕನ್ನಡ ಸಾರಾಂಶವಿತ್ತು, ಅದರ ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಗುರುತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಅವಳು ಬಾಯಿ ತೆರೆಯುವ ಮೊದಲೇ ಅವನ ಕೈ ಕಾಲರಿಗೆ ಹೋಯಿತು.

"ನಾನ್ ವನಜನ ಮಗಳ್. ರಾತ್ರಿ ಇಲ್ಲಿ ಗಾಳಿಯೇ ಇಲ್ಲ ಅಂತ ಬರದ್ದಿರಿ, ಸರ್. ಮೂರ್ ತಿಂಗಳೂ ಇಲ್ಲ ಅಂತ. ನಮ್ಮ ಅಜ್ಜಯ್ಯ ಇಂಜಿನ್ ಇಲ್ದ ಕಾಲದಗೆ ಬೆಳಗಿನ ಜಾವ ಹಾಯಿ ಕಟ್ಟಿ ಹೊರಗ್ ಹೋತಿದ್ದದ್ದ್ ಯಾವ ಗಾಳಿಯಗೆ? ಹೋಪಾಗ ಮೂಡುಗಾಳಿ, ಬಪ್ಪಾಗ ಪಡುಗಾಳಿ. ಇಲ್ಲಿ ಕೂಕಂಡವ್ರ್ ಎಲ್ಲರಿಗೂ ಗೊತ್ತಿತ್ತ್ ಅದ್. ರಾತ್ರಿ ಹತ್ತ್ ಗಂಟಿಗ್ ಮಿಲ್ಲಿನ ವಾಸನಿಗೆ ಕಿಟ್ಕಿ ಹಾಕಿ ಮಲ್ಗುದ್ ನಾವ್. ಗಾಳಿ ಇಲ್ದೇ ಆ ವಾಸನಿ ನಡ್ಕಂಡ್ ಬತ್ತಾ?"

ಸಭೆ ನಕ್ಕಿತು. ಚಪ್ಪಾಳೆಯೂ ಬಿತ್ತು. ಪ್ರೇಮಾನಂದರು ವಿಚಲಿತರಾಗಲಿಲ್ಲ. "ತಂಗೀ, ನಾವು ಊಹೆ ಮಾಡಿ ಬರೆಯುವುದಿಲ್ಲ. ಯಂತ್ರ ಅಳೆದದ್ದು ಬರೆಯುತ್ತೇವೆ. ಯಂತ್ರ ಇದ್ದದ್ದು ಬೇರೆ ಎಲ್ಲಿಯೂ ಅಲ್ಲ, ನಿಮ್ಮ ತಾಯಿಯ ಮನೆಯ ತಾರಸಿಯ ಮೇಲೆಯೇ. ಬೇಕಾದರೆ ಅವರನ್ನೇ ಕೇಳಿ."

ಬೇಡ, ಎಂದ ಅನೂಪ. ಒಳಗೇ ಎಂದ, ಹೊರಗೆ ಬರಲಿಲ್ಲ. ಚಿಕ್ಕಿ ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮೈಕು ಬೇಡ ಎಂದು ಕೈಯಾಡಿಸಿದಳು, ಮೀನು ಮಾರುವ ಗಂಟಲು, ಮೈಕು ಯಾಕೆ. "ಹೌದ್, ನಮ್ಮನಿಯಗೇ ಇದ್ದದ್ದ್" ಎಂದಳು. "ಮಿಷನ್ ಸಮ ಇಲ್ಲ ಅಂತ ಯಾರೂ ಹೇಳುಕಾಗ. ನಮ್ ಗಂಡ್ ನನ್ನ ನಂಬಿ ಇಟ್ಟ್ ಹೋದ್ದ್. ಮೂರ್ ತಿಂಗ್ಳ್ ಮಗಿನ್ ಕಂಡಂಗೆ ಕಂಡಿದೆ. ದಿನಾ ಹೊತ್ತ್ ಕಂತುಕೂ ಮುಂಚೆ ಚೀಲ ಕವ್ಚಿ ಕಟ್ಟುದ್, ಬೆಳಿಗ್ಗೆ ಬಿಚ್ಚುದ್. ಒಂದ್ ಹನಿ ಮಂಜ್ ಬೀಳ್ಲಿಲ್ಲೆ ಅದ್ಕೆ!"

ಹೆಮ್ಮೆಯಿಂದ ಸುತ್ತ ನೋಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲು ಅರ್ಥವಾದದ್ದು ಅಮಿತಾಗೆ. "ಅಮ್ಮಾ" ಎಂದು ತಾಯಿಯ ಸೆರಗು ಎಳೆದಳು. ಅಧಿಕಾರಿ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. "ಅಮ್ಮಾ, ಇಡೀ ರಾತ್ರಿ ಮುಚ್ಚಿಡುತ್ತಿದ್ದಿರಾ?" "ಹೌದೇ ಸ್ವಾಮಿ, ಮಂಜ್ ಬೀಳತ್ತಲ್ದಾ?" ಈಗ ಹಿಂದಿನ ಸಾಲಿನ ಗಂಡಸರು ಗೊಳ್ಳೆಂದು ನಕ್ಕರು. ಯಾರೋ "ವನಜಕ್ಕ ಗಾಳಿಗೇ ಚೀಲ ಹಾಕ್ತ್ ಮಾರಾಯ್ರೆ" ಎಂದರು. ಚಿಕ್ಕಿಯ ಮುಖದ ಹೆಮ್ಮೆ ತಟ್ಟನೆ ಹೋಗಲಿಲ್ಲ. ಒಬ್ಬೊಬ್ಬರ ಮುಖ ನೋಡುತ್ತ ನೋಡುತ್ತ ಸ್ವಲ್ಪ ಸ್ವಲ್ಪವೇ ಹೋಯಿತು. ಅದನ್ನು ಅನೂಪ ಪೂರ್ತಿ ನೋಡಿದ. ಕೊನೆಗೆ ಅವಳು ಅವನ ಕಡೆ ತಿರುಗಿದಳು, ನೀನು ಹೇಳು ಎಂಬಂತೆ.

ಪ್ರೇಮಾನಂದರ ಕುತ್ತಿಗೆ ಕೆಂಪಾಗಿತ್ತು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಧಿಕಾರಿ ಮೂರನೆಯ ಪುಟ ತಿರುಗಿಸಿ ಹೆಸರು ಓದಿದರು. "ಅನೂಪ್ ಅವರೇ, ಇದು ನಿಮ್ಮ ಗಮನಕ್ಕೆ ಬಂದಿತ್ತೇ?"

ಎದ್ದು ನಿಂತ. ಹೇಳಲು ಬೇಕಾದದ್ದು ಎರಡೇ ಶಬ್ದ. ಬಂದಿತ್ತು ಸರ್. ಅಷ್ಟೇ. ಬಾಯಿಯಲ್ಲಿ ಅದರ ರುಚಿಯೂ ಬಂತು. ಕ್ಯಾಮರಾದ ಕೆಂಪು ದೀಪ ಉರಿಯುತ್ತಿತ್ತು. ತೊಂಬತ್ತು ಸಂಜೆ ಒಬ್ಬಳು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಳಿದಿದ್ದಾಳೆ, ತೊಂಬತ್ತು ಬೆಳಿಗ್ಗೆ ಮತ್ತೆ ಹತ್ತಿ ಇಳಿದಿದ್ದಾಳೆ, ಮೇಲೆ ನಿಂತು ಕೆಮ್ಮಿದ್ದಾಳೆ. ಎರಡು ಶಬ್ದ. ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಸುತ್ತ ನೋಡುವ ಹುಡುಗ ಮೊದಲು ಬಾಯಿ ತೆರೆದ.

"ಇಲ್ಲ ಸರ್."

"ಅಮ್ಮಾ, ನೀ ಅವನಿಗ್ ಹೇಳ್ಲಿಲ್ಯಾ?" ಎಂದು ಅಮಿತಾ ಗಟ್ಟಿಯಾಗಿ ಕೇಳಿದಳು. ಕೇಳುವಾಗ ಅವನ ಮುಖವನ್ನೇ ನೋಡುತ್ತಿದ್ದಳು.

ಚಿಕ್ಕಿಯೂ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿರಬೇಕು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಇಡೀ ಮಂಟಪಕ್ಕೆ ಕೇಳುವ ಹಾಗೆ ಹೇಳಿದಳು. "ಇಲ್ಲೆ. ನಾ ಹೇಳ್ಲಿಲ್ಲೆ. ನಂಗ್ ತೋಚದ್ದ್ ನಾನ್ ಮಾಡ್ದೆ. ಗಂಡಿಗ್ ಗೊತ್ತಿಲ್ಲೆ ಸ್ವಾಮಿ, ಅವನ್ನ ಎಂತ ಮಾಡ್ಬೇಡಿ. ತಪ್ಪ್ ನಂದ್."

ಗುಮಾಸ್ತ ಬರೆದುಕೊಂಡ. ಸ್ಥಳೀಯ ನಿವಾಸಿ ವನಜ ಎಂಬವರು ತಿಳಿವಳಿಕೆಯ ಕೊರತೆಯಿಂದ ಉಪಕರಣವನ್ನು ರಾತ್ರಿ ವೇಳೆ ಮುಚ್ಚಿದ್ದು, ಈ ವಿಷಯ ಸಂಸ್ಥೆಯವರ ಗಮನಕ್ಕೆ ಬಂದಿರುವುದಿಲ್ಲ. ಅಧಿಕಾರಿ ಹೇಳುತ್ತ ಹೋದರು, ಗುಮಾಸ್ತ ಬರೆಯುತ್ತ ಹೋದ. ಮುಂದಿನ ಚಳಿಗಾಲ ಹೊಸದಾಗಿ ಅಳೆಯುವುದು, ಅಲ್ಲಿಯವರೆಗೆ ವಿಸ್ತರಣೆಯ ಅರ್ಜಿ ಬಾಕಿ. ಜನ ಚಪ್ಪಾಳೆ ಹೊಡೆದರು. ನಿಜವಾಗಿ ನೋಡಿದರೆ ಒಳ್ಳೆಯದೇ ಆಯಿತಲ್ಲ ಎಂದು ಅನೂಪನ ತಲೆಯೊಳಗೆ ಒಂದು ಧ್ವನಿ ಆಗಲೇ ಹೇಳಲು ಶುರುಮಾಡಿತ್ತು, ಥೂ, ಎಷ್ಟು ಬೇಗ! "ಯಾರಿಗಾದರೂ ಇನ್ನೇನಾದರೂ ಸೇರಿಸುವುದಿದೆಯೇ?" ಎಂದು ಅಧಿಕಾರಿ ಕೇಳಿದರು. ಅವನ ಕಡೆಯೂ ನೋಡಿದರು. ಅವನು ಕುರ್ಚಿಯಲ್ಲಿ ಕೂತ. ಚಿಕ್ಕಿ ಮೇಜಿನ ಹತ್ತಿರ ಹೋಗಿ, ಬಗ್ಗಿ, ವ ಬರೆದು, ನಿಂತು, ನ ಬರೆದು, ತನ್ನ ಹೆಸರಿನ ಮೂರು ಅಕ್ಷರ ಮುಗಿಸಿದಳು.

ಊಟ ಬೇಡವೆಂದು, ಬಸ್ಸಿನಲ್ಲಿ ಬರುತ್ತೇನೆಂದು ಪ್ರೇಮಾನಂದರನ್ನು ಕಳಿಸಿದ. ಅವರು ಹೊರಡುವಾಗ ಭುಜ ತಟ್ಟಿ, "ಹೋಗಲಿ ಬಿಡಿ, ಹಳ್ಳಿ ಹೆಂಗಸು, ನಮ್ಮ ತಪ್ಪೇನೂ ಇಲ್ಲವಲ್ಲ" ಎಂದರು. ಸಂಜೆಯವರೆಗೆ ಕಡಲ ಬದಿಯಲ್ಲಿ ಎಳೆದು ಹಾಕಿದ ದೋಣಿಯ ನೆರಳಲ್ಲಿ ಕೂತಿದ್ದ. ಕೂತಲ್ಲೇ ವಾಕ್ಯಗಳನ್ನು ಜೋಡಿಸಿದ. ಚಿಕ್ಕಿ, ನನ್ನ ಕೆಲಸ ಹೋಗುತ್ತಿತ್ತು. ಚಿಕ್ಕಿ, ನಾಳೆಯೇ ಅಧಿಕಾರಿಗೆ ಪತ್ರ ಬರೆಯುತ್ತೇನೆ. ಚಿಕ್ಕಿ, ನಾನು ನಿನ್ನ ಮನೆಯನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿದ್ದೆ. ಹೊತ್ತು ಇಳಿಯುವಾಗ ಎದ್ದು ಹೋದ.

ಅವಳು ಹಸಿರು ಸೀರೆ ಬಿಚ್ಚಿ, ಹಳೆಯದನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಅಂಗಳದ ಮೀನನ್ನು ಗುಡ್ಡೆ ಹಾಕುತ್ತಿದ್ದಳು. ಪಕ್ಕದ ಮನೆಯವಳು ಬೇಲಿಯಿಂದ "ವನಜಕ್ಕ, ಇವತ್ತ್ ಗಾಳಿಗ್ ಚೀಲ ಹಾಕುದಿಲ್ಯಾ?" ಎಂದು ಕೇಳಿ ನಕ್ಕಳು. ಚಿಕ್ಕಿಯೂ ನಕ್ಕಳು, ಅಥವಾ ಹಾಗೆ ಮಾಡಿದಳು. ಅವನನ್ನು ಕಂಡು ಟರ್ಪಾಲಿನ ಒಂದು ತುದಿ ತೋರಿಸಿದಳು. "ಹಿಡಿ." ಇಬ್ಬರೂ ಹಿಡಿದು ಬಿಡಿಸಿದರು, ಮೀನಿನ ಮೇಲೆ ಹೊದೆಸಿದರು. ಅವನು ಅಂಚಿಗೆ ಕಲ್ಲು ಇಡತೊಡಗಿದ. ನಾಲ್ಕನೆಯ ಕಲ್ಲು ಇಟ್ಟು, ತಲೆ ಎತ್ತದೆ, "ಚಿಕ್ಕಿ, ನಂಗ್ ಗೊತ್ತಿತ್ತ್" ಎಂದ.

"ಗೊತ್ತಿತ್ತ್ ಅಂದೇಳಿ ನಂಗ್ ಗೊತ್ತಿಲ್ಯಾ? ಫೋನಗೆ ಹೇಳದ್ದ್ ನಾನೇ ಅಲ್ದಾ?" ಎಂದಳು ಅವಳು. ಸಿಟ್ಟಿರಲಿಲ್ಲ. "ನೀ ಒಳ್ಳೇದಾಯ್ತ್ ಅಂದದ್ದೂ ನೆನಪಿತ್ತ್."

"ನಾಳೆ ಬರೆದು ಕೊಡ್ತೆ. ನಿನ್ ತಪ್ಪಲ್ಲ ಅಂದೇಳಿ."

"ಕೊಡ್. ಕೊಡುದಿದ್ರೆ ಕೊಡ್." ಬಗ್ಗಿ ಒಂದು ಕಲ್ಲನ್ನು ಅವನು ಇಟ್ಟ ಜಾಗದಿಂದ ಒಂದು ಗೇಣು ಆಚೆ ಸರಿಸಿದಳು. ಅಷ್ಟರಲ್ಲಿ ಕೆಮ್ಮು ಬಂತು. ಬಾವಿಕಟ್ಟೆ ಹಿಡಿದುಕೊಂಡು ಕೆಮ್ಮಿ ಮುಗಿಸಿ, ಸೆರಗಿನಲ್ಲಿ ಬಾಯಿ ಒರಸಿಕೊಂಡಳು. ಜಗಲಿಯ ಕಟ್ಟೆಯ ಮೇಲೆ ಬೆಳಗಿನ ಸಿಗಡಿಯ ಗಂಟು ಇತ್ತು. ಅಮಿತಾ ಕುರ್ಚಿಯ ಕೆಳಗಿನಿಂದ ಎತ್ತಿ ತಂದಿರಬೇಕು. ಮೂರು ಪ್ಲಾಸ್ಟಿಕ್ಕೂ ಹಾಗೆಯೇ ಇದ್ದವು. ಚಿಕ್ಕಿ ಅದನ್ನು ಒಳಗೆ ಒಯ್ದು ಇಟ್ಟು ಬಂದಳು. ಅವನು ಕೇಳಲಿಲ್ಲ, ಅವಳೂ ಕೊಡಲಿಲ್ಲ. ಹತ್ತು ವರ್ಷ ಉಂಡ ಮನೆಯಿಂದ ಅವನು ಬರಿಗೈಯಲ್ಲಿ ಹೊರಟದ್ದು ಅದೇ ಮೊದಲು.

ಬೇಲಿ ದಾಟುವಾಗ ಹಿಂದಿನಿಂದ ಕರೆದಳು. "ಮಗಾ."

ತಿರುಗಿದ. ಮಿಲ್ಲಿನ ಕಡೆಯಿಂದ ಗಾಳಿ ಶುರುವಾಗಿತ್ತು. ಬೆಂದ ಮೀನಿನ ವಾಸನೆ ಬೆನ್ನಿಗೆ ಬಡಿಯುತ್ತಿತ್ತು.

"ಬಪ್ಪ ವರ್ಷ ಹೊಸ ಮಿಷನ್ ತಕಂಡ್ ಬಂದ್ರೆ, ನಮ್ಮನಿ ತಾರ್ಸಿ ಮೇಲ್ ಬ್ಯಾಡ. ಬೇರೆ ಯಾರ್ ಮನಿಯಗಾರೂ ಇಡ್" ಎಂದಳು ಚಿಕ್ಕಿ. "ನಾ ಇನ್ ಕಂಡ್ಕಂತಿಲ್ಲೆ."